ಕ್ರೂಸ್‌ನಲ್ಲಿ ಬಾಲ್ಕನಿ ರೂಮು: ಯಾವ ಪ್ರಯಾಣಕ್ಕೆ ಬೇಕು, ಯಾವುದಕ್ಕೆ ಬೇಡ

ಕಾಸರಗೋಡಿನವರಿಗೆ ಕ್ರೂಸ್ ಈಗ ಕೈಗೆಟುಕದ ಸಂಗತಿಯೇನಲ್ಲ. ವಂದೇ ಭಾರತ್ ಹತ್ತಿದರೆ ಅದೇ ದಿನ ಕೊಚ್ಚಿ, ನೇತ್ರಾವತಿ ರೈಲು ಹತ್ತಿದರೆ ಮರುದಿನ ಮುಂಬೈ. ಮಂಗಳೂರು, ಕಣ್ಣೂರು ಎರಡೂ ವಿಮಾನ ನಿಲ್ದಾಣ ಹತ್ತಿರವೇ ಉಂಟು, ಸಿಂಗಾಪುರಕ್ಕೆ ಹೋಗಿ ಅಲ್ಲಿಂದ ಹಡಗು ಹತ್ತುವವರೂ ಇದ್ದಾರೆ. ಊರು ಯಾವುದೇ ಆಗಲಿ, ಬುಕ್ ಮಾಡಲು ಕುಳಿತ ಕೂಡಲೇ ಎಲ್ಲರೂ ತಡೆಯುವುದು ಒಂದೇ ಕಡೆ. ಬಾಲ್ಕನಿ ಇರುವ ರೂಮು ತಗೊಳ್ಳಬೇಕಾ, ಸಾದಾ ರೂಮು ಸಾಕಾ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎರಡು ಮೂರು ರಾತ್ರಿಯ ಮುಂಬೈ–ಗೋವಾ ತರಹದ ಪ್ರಯಾಣಕ್ಕೆ ಬಾಲ್ಕನಿ ಬೇಡ. ನಾರ್ವೆ, ಅಲಾಸ್ಕಾದಂಥ ಕಡೆ ಏಳು ರಾತ್ರಿ ಹೋಗುವುದಾದರೆ ಸಾಲ ಮಾಡದೆ ಆಗುವುದಾದರೆ ಖಂಡಿತ ತಗೊಳ್ಳಿ. ಇವೆರಡರ ನಡುವಿನ ಪ್ರಯಾಣಗಳಿಗೆ ಜೊತೆಯಲ್ಲಿ ಯಾರು ಬರುತ್ತಾರೆ, ಹಗಲಲ್ಲಿ ಎಷ್ಟು ಹೊತ್ತು ರೂಮಿನಲ್ಲಿ ಇರುತ್ತೀರಿ ಎಂಬುದನ್ನು ನೋಡಿಕೊಂಡು ತೀರ್ಮಾನಿಸಬೇಕು.

ಉಪ್ಪಳ, ಕುಂಬಳೆ, ಮಂಜೇಶ್ವರದವರಿಗೆ ಸಮುದ್ರ ಹೊಸದಲ್ಲ. ಬೇಕಲ ಕೋಟೆಯ ಮೇಲೆ ನಿಂತರೆ ಮನಸ್ಸು ತುಂಬುವಷ್ಟು ಕಾಣುತ್ತದೆ. ಹಡಗಿನಲ್ಲೂ ಅಷ್ಟೇ, ಮೇಲಿನ ಡೆಕ್‌ಗೆ (ಹಡಗಿನ ಮಹಡಿಗೆ) ಹೋದರೆ ನಾಲ್ಕೂ ದಿಕ್ಕಿನ ಸಮುದ್ರ ಎಲ್ಲ ಪ್ರಯಾಣಿಕರಿಗೂ ಪುಕ್ಕಟೆ. ಬಾಲ್ಕನಿಯಲ್ಲಿ ನಮಗೆ ಹೆಚ್ಚಾಗಿ ಸಿಗುವುದು ಏಕಾಂತ. ಹಳೆ ಮನೆಯ ಜಗಲಿಯಲ್ಲಿ ಕೂತ ಹಾಗೆ, ಬಟ್ಟೆ ಬದಲಿಸದೆ, ಯಾರಿಗೂ ಜಾಗ ಬಿಟ್ಟುಕೊಡದೆ, ಕಾಫಿ ಹಿಡಿದು ಕೂರುವ ಸುಖ. ಆ ಸುಖಕ್ಕೆ ಎಷ್ಟು ಕೊಡಬಹುದು ಎಂಬುದೇ ಪ್ರಶ್ನೆ.

ರೂಮುಗಳು ಹೇಗಿರುತ್ತವೆ

ಇಂಟೀರಿಯರ್ ಎಂದರೆ ಕಿಟಕಿಯೇ ಇಲ್ಲದ ಒಳಗಿನ ರೂಮು. ಸಾಮಾನ್ಯವಾಗಿ 150ರಿಂದ 180 ಚದರ ಅಡಿ ಇರುತ್ತದೆ. ಹಾಸಿಗೆ, ಕಪಾಟು, ಸಣ್ಣ ಮೇಜು, ಚಿಕ್ಕದೊಂದು ಬಾತ್‌ರೂಮು. ದೀಪ ಆರಿಸಿದರೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ಕೆಲವರಿಗೆ ಉಸಿರು ಕಟ್ಟಿದಂತೆ ಅನಿಸುತ್ತದೆ. ಕೆಲವರಿಗೆ ಮಾತ್ರ ಇಷ್ಟು ಒಳ್ಳೆಯ ನಿದ್ದೆ ಮನೆಯಲ್ಲೂ ಬರುವುದಿಲ್ಲ. ತುಂಬ ಹಡಗುಗಳ ಟಿವಿಯಲ್ಲಿ ಮುಂಭಾಗದ ಕ್ಯಾಮೆರಾದ ಚಾನೆಲ್ ಇರುತ್ತದೆ. ಅದನ್ನು ಶಬ್ದವಿಲ್ಲದೆ ಹಾಕಿಟ್ಟು ಮಲಗಿದರೆ ಬೆಳಗಾದದ್ದು ಗೊತ್ತಾಗುತ್ತದೆ. ಸಿಂಗಾಪುರದಿಂದ ಓಡಾಡಿರುವ ರಾಯಲ್ ಕೆರಿಬಿಯನ್ ಕಂಪನಿಯ ಸ್ಪೆಕ್ಟ್ರಮ್, ಆಂಥಮ್ ಹಡಗುಗಳ ಒಳ ರೂಮುಗಳಲ್ಲಿ ಇನ್ನೊಂದು ಸೌಲಭ್ಯವಿದೆ. ನೆಲದಿಂದ ಮಾಡಿನವರೆಗೆ ದೊಡ್ಡ ಪರದೆ ಇಟ್ಟು, ಹೊರಗಿನ ಸಮುದ್ರವನ್ನು ಆಗಿಂದಾಗಲೇ ತೋರಿಸುತ್ತಾರೆ. ಗಾಳಿ ಬರುವುದಿಲ್ಲ, ಆದರೆ ಕತ್ತಲೆಯ ಕಾಟವಿಲ್ಲ.

ಓಷನ್ ವ್ಯೂ ರೂಮಿಗೆ ಕಿಟಕಿ ಉಂಟು, ತೆರೆಯಲು ಬರುವುದಿಲ್ಲ. ಹೆಚ್ಚಾಗಿ ಕೆಳಗಿನ ಡೆಕ್‌ಗಳಲ್ಲಿ ಇರುತ್ತದೆ. ನನ್ನ ಮಟ್ಟಿಗೆ ನಮ್ಮ ಜನ ಸರಿಯಾಗಿ ಗಮನಿಸದೆ ಬಿಟ್ಟುಬಿಡುವ ರೂಮು ಇದು. ಬೆಳಕು ಸಿಗುತ್ತದೆ, ಹೊರಗೇನಾಗುತ್ತಿದೆ ಎಂದು ತಿಳಿಯುತ್ತದೆ, ದುಡ್ಡು ಬಾಲ್ಕನಿಗಿಂತ ಕಡಿಮೆ. ಅಪ್ಪ ಅಮ್ಮನನ್ನು ಮೊದಲ ಸಲ ಕರೆದುಕೊಂಡು ಹೋಗುವವರು ಯಾರೇ ಕೇಳಿದರೂ ನಾನು ಮೊದಲು ಹೇಳುವುದು ಇದನ್ನೇ.

ಬಾಲ್ಕನಿ ರೂಮು ಒಳಗಡೆ ಸ್ವಲ್ಪವೇ ದೊಡ್ಡದು. ಹೊರಗಿನ ಜಾಗ ಸುಮಾರು 40ರಿಂದ 50 ಚದರ ಅಡಿ. ಎರಡು ಕುರ್ಚಿ, ಒಂದು ಪುಟ್ಟ ಮೇಜು ಹಿಡಿಯುತ್ತದೆ. ಜಾಹೀರಾತಿನ ಫೋಟೋದಲ್ಲಿ ಕಾಲು ಚಾಚಿ ಮಲಗಿದವರನ್ನು ನೋಡಿ ಅಷ್ಟು ಜಾಗ ಇರುತ್ತದೆ ಅಂದುಕೊಳ್ಳಬೇಡಿ. ಅಂಥದ್ದು ಸಿಗುವುದು ಸ್ವೀಟ್ ಎಂಬ ದೊಡ್ಡ, ದುಬಾರಿ ರೂಮುಗಳಲ್ಲಿ, ಅವುಗಳ ದರವೇ ಬೇರೆ.

ಹಳೆ ಹಡಗು, ಹೊಸ ಹಡಗು

ಬಾಲ್ಕನಿಯ ಬೆಲೆ ಒಂದು ಹಡಗಿನಲ್ಲಿ ಸ್ವಲ್ಪವೇ ಜಾಸ್ತಿ, ಇನ್ನೊಂದರಲ್ಲಿ ಎರಡು ಪಟ್ಟು. ಯಾಕೆ ಹೀಗೆ ಎಂದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೆ.

ಹಿಂದೆ ಹಡಗಿನಲ್ಲಿ ಬಾಲ್ಕನಿ ಇರುವುದೇ ಅಪರೂಪ. 1984ರಲ್ಲಿ ಬಂದ ರಾಯಲ್ ಪ್ರಿನ್ಸೆಸ್ ಎಂಬ ಹಡಗಿನಲ್ಲಿ ಪ್ರಯಾಣಿಕರ ರೂಮುಗಳೆಲ್ಲವೂ ಹೊರಬದಿಗೆ ಇದ್ದವು, ಅದೇ ಆಗ ದೊಡ್ಡ ಸುದ್ದಿ. ಆಮೇಲೆ ನಿಧಾನವಾಗಿ ಬಾಲ್ಕನಿಗಳು ಹೆಚ್ಚಿದವು. ಈಗ ಕಟ್ಟುವ ದೊಡ್ಡ ಹಡಗುಗಳಲ್ಲಿ ಅರ್ಧಕ್ಕಿಂತ ಹೆಚ್ಚು ರೂಮಿಗೆ ಬಾಲ್ಕನಿ ಇರುವುದು ಸಾಮಾನ್ಯ.

ನಮ್ಮ ಕಡೆಯವರು ಹೆಚ್ಚಾಗಿ ಹತ್ತುವ, ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು ಕಟ್ಟಿದ್ದು 1990ರಲ್ಲಿ, ಫ್ರಾನ್ಸಿನಲ್ಲಿ. ಮುಂಬೈಯಿಂದ ಕಾರ್ಡೇಲಿಯಾದ ಹೆಸರಿನಲ್ಲಿ ಓಡಲು ಶುರುವಾದದ್ದು 2021ರ ಸೆಪ್ಟೆಂಬರಿನಲ್ಲಿ. ಆ ಕಾಲದ ಹಡಗಾದ್ದರಿಂದ ಬಾಲ್ಕನಿ ಇರುವ ರೂಮು ಕೆಲವೇ ಕೆಲವು, ಅವೂ ಸ್ವೀಟ್ ದರ್ಜೆಯವು. ಅಂದರೆ ಬಾಲ್ಕನಿ ಬೇಕೆಂದರೆ ಸ್ವೀಟ್‌ನ ದುಡ್ಡು ಕೊಡಲೇಬೇಕು. ಕಡಿಮೆ ಇರುವ ವಸ್ತುವಿಗೆ ಬೆಲೆ ಜಾಸ್ತಿ, ಅಡಿಕೆ ಮಾರುವ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಸಿಂಗಾಪುರದ ಗೆಂಟಿಂಗ್ ಡ್ರೀಮ್ 2016ರ ಹಡಗು. ಅಲ್ಲಿ ಬಾಲ್ಕನಿ ರೂಮುಗಳೇ ಹೆಚ್ಚು. ಹಾಗಾಗಿ ಒಳ ರೂಮಿಗೂ ಬಾಲ್ಕನಿಗೂ ನಡುವಿನ ವ್ಯತ್ಯಾಸ ಒಮ್ಮೊಮ್ಮೆ ಆಶ್ಚರ್ಯವಾಗುವಷ್ಟು ಕಡಿಮೆ ಇರುತ್ತದೆ. ಇಂಥ ಹಡಗಿನಲ್ಲಿ ಎರಡರ ದರವನ್ನೂ ನೋಡದೆ ಸುಮ್ನೆ ಒಳ ರೂಮು ಬುಕ್ ಮಾಡುವುದು ಸರಿಯಲ್ಲ.

ಗಂಟೆಗೆ ಎಷ್ಟು ಬೀಳುತ್ತದೆ

ಲೆಕ್ಕ ಹಾಕುವುದಕ್ಕೆ ಒಂದು ಸುಲಭ ದಾರಿ ಇದೆ. ಎರಡು ರೂಮಿನ ದರದ ವ್ಯತ್ಯಾಸ ತೆಗೆಯಿರಿ. ತೆರಿಗೆ ಸೇರಿಸಿಯೇ ತೆಗೆಯಿರಿ, ದೊಡ್ಡ ರೂಮಿಗೆ ತೆರಿಗೆಯೂ ದೊಡ್ಡದೇ. ಆಮೇಲೆ ಹಗಲು ಬೆಳಕಿನಲ್ಲಿ, ಎಚ್ಚರವಾಗಿದ್ದು, ರೂಮಿನಲ್ಲಿ ಕೂರುವ ಗಂಟೆಗಳನ್ನು ಎಣಿಸಿ.

ಮುಂಬೈಯಿಂದ ಎರಡು ರಾತ್ರಿಯ ಪ್ರಯಾಣ, ಇಬ್ಬರಿಗೆ ವ್ಯತ್ಯಾಸ 30,000 ರೂಪಾಯಿ ಎಂದು ಇಟ್ಟುಕೊಳ್ಳಿ. ಮೊದಲ ದಿನ ಹತ್ತುವಾಗ ಮಧ್ಯಾಹ್ನ ಕಳೆದಿರುತ್ತದೆ. ಬ್ಯಾಗ್ ಬರಬೇಕು, ಊಟ ಆಗಬೇಕು, ಸುರಕ್ಷತೆಯ ಡ್ರಿಲ್ ಆಗಬೇಕು. ಹೊರಡುವಾಗ ಎಲ್ಲರೂ ಮೇಲಿನ ಡೆಕ್‌ನಲ್ಲೇ. ಮರುದಿನ ಗೋವಾದಲ್ಲಿ ಇಳಿಯುತ್ತೀರಿ, ಇಲ್ಲವೇ ಈಜುಕೊಳ, ಶೋ, ಊಟ ಎಂದು ಓಡಾಡುತ್ತೀರಿ. ಮೂರನೆಯ ದಿನ ಬೆಳಿಗ್ಗೆ ಬೇಗ ರೂಮು ಬಿಡಬೇಕು. ಬಾಲ್ಕನಿಯಲ್ಲಿ ಕೂರುವುದು ನಾಲ್ಕು ಗಂಟೆ ಎಂದರೂ ಗಂಟೆಗೆ 7,500 ರೂಪಾಯಿ ಆಯಿತು. ರಾತ್ರಿಯನ್ನು ಲೆಕ್ಕಕ್ಕೆ ಸೇರಿಸಬೇಡಿ. ನಡು ಸಮುದ್ರದಲ್ಲಿ ರಾತ್ರಿ ಬರೀ ಕಪ್ಪು. ಹುಣ್ಣಿಮೆ ಇದ್ದರೆ ಮಾತ್ರ ಬೇರೆ ಮಾತು.

ಅದೇ ಏಳು ರಾತ್ರಿಯ ಪ್ರಯಾಣದಲ್ಲಿ ಎರಡು ಮೂರು ಪೂರ್ತಿ ದಿನ ಸಮುದ್ರದಲ್ಲೇ ಕಳೆಯುವುದಾದರೆ ಗಂಟೆಗಳು ಇಪ್ಪತ್ತಾಗುತ್ತವೆ, ಮೂವತ್ತಾಗುತ್ತವೆ. ಅಷ್ಟೇ ವ್ಯತ್ಯಾಸದ ದುಡ್ಡಿಗೂ ಆಗ ಅರ್ಥ ಬರುತ್ತದೆ.

ಉಳಿದ ದುಡ್ಡನ್ನು ಏನು ಮಾಡಬೇಕು ಎಂದೂ ಹೇಳುತ್ತೇನೆ. ಮುಂಬೈಯಲ್ಲಿ ಹಿಂದಿನ ದಿನವೇ ಹೋಗಿ ಒಂದು ರಾತ್ರಿ ಉಳಿಯಿರಿ. ರೈಲು ತಡವಾಯಿತು ಎಂದು ಹಡಗು ಕಾಯುವುದಿಲ್ಲ. ಬಾಲ್ಕನಿ ಬುಕ್ ಮಾಡಿ, ಹತ್ತುವ ದಿನವೇ ಮುಂಬೈ ತಲುಪುವ ರೈಲಿಗೆ ಟಿಕೆಟ್ ಮಾಡುವವರನ್ನು ಕಂಡರೆ ನನಗೆ ನಿಜವಾಗಿ ಆತಂಕವಾಗುತ್ತದೆ.

ಎಡವೋ ಬಲವೋ

ಬಾಲ್ಕನಿ ತಗೊಂಡದ್ದೇ ಆದರೆ ಯಾವ ಬದಿ ಎಂದು ಕೇಳಲೇಬೇಕು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದು ತೀರಾ ಸುಲಭ. ಮುಂಬೈಯಿಂದ ಕೊಚ್ಚಿಯ ಕಡೆ ಹೋಗುವಾಗ ಹಡಗಿನ ಬಲಬದಿ ಪಡುವಣ, ಸೂರ್ಯ ಮುಳುಗುವುದು ಅಲ್ಲಿ. ಎಡಬದಿಗೆ ದಡ. ಕೊಚ್ಚಿಯಿಂದ ಮುಂಬೈಗೆ ಹಿಂದಿರುಗುವಾಗ ಎಲ್ಲವೂ ಉಲ್ಟಾ. ದಡದ ಬದಿ ತಗೊಂಡರೆ ನಮ್ಮೂರು ಕಾಣಬಹುದು, ಬೇಕಲ ಕೋಟೆ ಕಾಣಬಹುದು ಎಂಬ ಆಸೆ ನಮ್ಮವರಿಗೆ ಇರುತ್ತದೆ. ಆ ಆಸೆ ಇಟ್ಟುಕೊಳ್ಳಬೇಡಿ. ಹಡಗು ದಡದಿಂದ ಬಹಳ ದೂರದಲ್ಲಿ ಸಾಗುತ್ತದೆ, ಅದೂ ಹೆಚ್ಚಾಗಿ ರಾತ್ರಿ. ಕಂಡರೆ ಮೀನು ಹಿಡಿಯುವ ಬೋಟುಗಳ ದೀಪ ಕಾಣಬಹುದು. ಹಾಗಾಗಿ ಸೂರ್ಯಾಸ್ತದ ಬದಿಯೇ ಮೇಲು.

ಏಪ್ರಿಲ್, ಮೇ ತಿಂಗಳ ಶಾಲೆ ರಜೆಯಲ್ಲಿ ಹೋಗುವವರು ಒಂದು ನೆನಪಿಡಿ. ಮಧ್ಯಾಹ್ನ ಎರಡರಿಂದ ಐದರವರೆಗೆ ಪಡುವಣ ಬದಿಯ ಬಾಲ್ಕನಿಯಲ್ಲಿ ಕೂರಲು ಆಗದಷ್ಟು ಸೆಕೆ. ಬಾಗಿಲು ತೆರೆದಿಟ್ಟು ಒಳಗಿಂದ ಗಾಳಿ ಕುಡಿಯೋಣ ಎಂದರೆ ಆಗುವುದಿಲ್ಲ. ಎಷ್ಟೋ ಹಡಗುಗಳಲ್ಲಿ ಬಾಗಿಲು ತೆರೆದ ಕೂಡಲೇ ಎಸಿ ತಾನಾಗಿ ನಿಂತುಬಿಡುತ್ತದೆ. ಇನ್ನು ಹಡಗು 20 ನಾಟ್, ಅಂದರೆ ಗಂಟೆಗೆ 37 ಕಿಲೋಮೀಟರ್ ವೇಗದಲ್ಲಿ ಓಡುವಾಗ ಗಾಳಿಗೆ ಪೇಪರ್ ಓದುವುದು ಕಷ್ಟ. ಡಿಸೆಂಬರಿನಿಂದ ಫೆಬ್ರವರಿವರೆಗೆ ಅರಬ್ಬಿ ಸಮುದ್ರ ಶಾಂತ, ಬೆಳಗ್ಗೆ ಸಂಜೆ ಹಿತ. ಬಾಲ್ಕನಿಗೆ ಅದೇ ಕಾಲ, ಆದರೆ ಕ್ರಿಸ್‌ಮಸ್ ರಜೆಯಲ್ಲಿ ದರ ಏರಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ನಮಗೆ ಗೊತ್ತೇ ಇದೆ, ಈ ಬದಿಯ ಸಮುದ್ರ ಕೆರಳಿರುತ್ತದೆ. 2023ರ ಜೂನ್‌ನಲ್ಲಿ ಎಂಪ್ರೆಸ್ ಪೂರ್ವ ಕರಾವಳಿಯ ಚೆನ್ನೈಯಿಂದ ಶ್ರೀಲಂಕಾಕ್ಕೆ ಹೊರಟಿತ್ತು. ಮಳೆಗಾಲದಲ್ಲಿ ಹೋಗುವವರು ಆ ಕಡೆಯ ಪ್ರಯಾಣ ಹುಡುಕುವುದು ಒಳ್ಳೆಯದು.

ವಾಕರಿಕೆಯ ಭಯ ಇದ್ದವರಿಗೆ

ಬಾಲ್ಕನಿಗಳು ಹೆಚ್ಚಾಗಿ ಮೇಲಿನ ಡೆಕ್‌ಗಳಲ್ಲಿ ಇರುತ್ತವೆ. ಎತ್ತರಕ್ಕೆ ಹೋದಷ್ಟೂ ಓಲಾಟ ಜಾಸ್ತಿ. ಹಡಗಿನ ಮೂತಿ ಮತ್ತು ಹಿಂಬದಿಯಲ್ಲಿ ಏರಿಳಿತ ಜಾಸ್ತಿ. ಕಡಿಮೆ ಅಲುಗುವುದು ಕೆಳಗಿನ ಡೆಕ್‌ನ ನಡುಭಾಗ. ಹಾಗಾದರೆ ಘಾಟಿ ರಸ್ತೆಯಲ್ಲಿ ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುವವರು ಒಳ ರೂಮೇ ತಗೊಳ್ಳಬೇಕಾ? ಅಲ್ಲೂ ಒಂದು ತೊಡಕು ಉಂಟು. ತಲೆ ತಿರುಗುವಾಗ ದೂರದ ದಿಗಂತ ನೋಡಿದರೆ ಸಮಾಧಾನವಾಗುತ್ತದೆ, ಒಳ ರೂಮಿನಲ್ಲಿ ದಿಗಂತ ಇಲ್ಲ. ಕೆಳಗೂ ಇದ್ದು, ನಡುವಿನಲ್ಲೂ ಇದ್ದು, ಹೊರಗೂ ಕಾಣುವುದು ಓಷನ್ ವ್ಯೂ. ಹಿರಿಯರಿಗೆ ಅದನ್ನೇ ಹೇಳುವುದು ಇದಕ್ಕೇ. ಮಾತ್ರೆಯ ವಿಷಯ ನಿಮ್ಮ ಡಾಕ್ಟರರನ್ನೇ ಕೇಳಿ. ಬಿಪಿ, ಕಣ್ಣಿನ ಒತ್ತಡ ಇದ್ದವರಿಗೆ ಎಲ್ಲ ಮಾತ್ರೆಯೂ ಆಗುವುದಿಲ್ಲ.

ಯಾರಿಗೆ ನಿಜವಾಗಿ ಉಪಯೋಗ

ಮೊಣಕಾಲು ನೋವಿನಿಂದ ಮೇಲಿನ ಡೆಕ್‌ಗೆ ಹತ್ತಿ ಇಳಿದು ಮಾಡಲಾಗದವರು. ಅವರಿಗೆ ಬಾಲ್ಕನಿ ಎಂದರೆ ಇಡೀ ಪ್ರಯಾಣವೇ. ಇಲ್ಲಿ ದುಡ್ಡಿನ ಮುಖ ನೋಡಬೇಡಿ. ಹೊಸದಾಗಿ ಮದುವೆಯಾದವರ ವಿಷಯ ನಾನು ಹೇಳಬೇಕಾಗಿಲ್ಲ. ತೊಟ್ಟಿಲ ಮಗು ಇರುವವರಿಗೂ ಬೇಕು, ಮಗು ಒಳಗೆ ಮಲಗಿದ್ದರೆ ಅಪ್ಪ ಅಮ್ಮ ಕತ್ತಲೆಯಲ್ಲಿ ಪಿಸುಗುಟ್ಟುತ್ತಾ ಕೂರುವ ಬದಲು ಹೊರಗೆ ಕೂರಬಹುದು. ನಿತ್ಯ ಸಂಧ್ಯಾವಂದನೆ ಮಾಡುವ ಅಜ್ಜನಿಗೆ, ಹೊತ್ತಿಗೆ ಸರಿಯಾಗಿ ನಮಾಜು ಮಾಡುವವರಿಗೆ, ಜನರ ಗೌಜಿ ಇಲ್ಲದ ಒಂದು ಮೂಲೆ ಸಿಗುತ್ತದೆ. ಆದರೆ ದೀಪ, ಊದುಬತ್ತಿ ಯಾವುದನ್ನೂ ಹಡಗಿನಲ್ಲಿ ಹಚ್ಚುವಂತಿಲ್ಲ. ಇದನ್ನು ಮನೆಯಲ್ಲೇ ಹೇಳಿ ಒಪ್ಪಿಸಿಕೊಂಡು ಹೊರಡಿ.

ಮೂರರಿಂದ ಏಳು ವರ್ಷದ ಚುರುಕು ಮಕ್ಕಳಿದ್ದರೆ ನನ್ನ ಸಲಹೆ, ಬೇಡ. ಕಂಬಿ ಎತ್ತರವಾಗಿಯೇ ಇರುತ್ತದೆ. ಅಮೆರಿಕದಲ್ಲಿ 2010ರ ಕಾನೂನು 42 ಇಂಚು ಇರಲೇಬೇಕು ಎನ್ನುತ್ತದೆ. ಬಾಗಿಲ ಚಿಲಕವನ್ನೂ ಮಕ್ಕಳ ಕೈಗೆ ಎಟುಕದಂತೆ ಮೇಲೆ ಇಡುವುದುಂಟು. ಆದರೂ ಕುರ್ಚಿ ಎಳೆದು ಹತ್ತುವ ಮಗುವಿಗೆ ಆ ಎತ್ತರ ಯಾವ ಲೆಕ್ಕ? ರಜೆಯಲ್ಲಿ ದಿನವಿಡೀ ಬಾಗಿಲು ಕಾಯುತ್ತಾ ಕೂರುವಂತೆ ಆಗಬಾರದು. ತಗೊಳ್ಳಲೇಬೇಕು ಅಂತಿದ್ದರೆ ಕುರ್ಚಿಗಳನ್ನು ಒಳಗೆ ತರಿಸಿಡಿ, ದೊಡ್ಡವರಿಲ್ಲದೆ ಬಾಗಿಲು ತೆಗೆಯಬೇಡಿ.

ಆರೇಳು ಜನರ ಕುಟುಂಬಕ್ಕೆ ಒಂದು ಒಳ್ಳೆಯ ಉಪಾಯ ಇದೆ. ಎರಡು ಬಾಲ್ಕನಿ ರೂಮು ತಗೊಳ್ಳುವ ಬದಲು ಒಂದು ಬಾಲ್ಕನಿ, ಅದರ ಎದುರಿಗೇ ಒಂದು ಒಳ ರೂಮು ಕೇಳಿ. ಕಾಲೇಜಿಗೆ ಹೋಗುವ ಮಕ್ಕಳು ರೂಮಿಗೆ ಬರುವುದೇ ನಿದ್ದೆಗೆ. ಅವರಿಗೆ ಒಳ ರೂಮು, ಹಿರಿಯರಿಗೆ ಬಾಲ್ಕನಿ, ಸಂಜೆ ಎಲ್ಲರೂ ಒಂದೇ ಕಡೆ. ದುಡ್ಡೂ ಉಳಿಯಿತು, ಆಸೆಯೂ ತೀರಿತು.

ಒಂದು ವಿಷಯ ಒತ್ತಿ ಹೇಳಬೇಕು. ಒದ್ದೆ ಬೈರಾಸು, ಮುಂಡು, ಸೀರೆ ಯಾವುದನ್ನೂ ಬಾಲ್ಕನಿಯ ಕಂಬಿಗೆ ಒಣಗಲು ಹಾಕಬೇಡಿ. ಸಿಗರೇಟನ್ನಂತೂ ಹೆಚ್ಚಿನ ಹಡಗುಗಳು ಬಾಲ್ಕನಿಯಲ್ಲಿ ಬಿಡುವುದೇ ಇಲ್ಲ. ಸುಮ್ನೆ ಶಿಸ್ತಿಗೆ ಮಾಡಿದ ನಿಯಮವಲ್ಲ ಇದು. 2006ರ ಮಾರ್ಚ್‌ನಲ್ಲಿ ಜಮೈಕಾದ ಹತ್ತಿರ ಸ್ಟಾರ್ ಪ್ರಿನ್ಸೆಸ್ ಎಂಬ ಹಡಗಿನ ಬಾಲ್ಕನಿಯೊಂದರಲ್ಲಿ ಬೆಂಕಿ ಹುಟ್ಟಿತು. ಯಾರೋ ಎಸೆದ ಸಿಗರೇಟಿನ ತುಂಡೇ ಕಾರಣವಿರಬೇಕು ಎಂದು ತನಿಖೆಯಲ್ಲಿ ಕಂಡಿತು. ಬೆಂಕಿ ಬಾಲ್ಕನಿಯಿಂದ ಬಾಲ್ಕನಿಗೆ ಹಬ್ಬಿತು, ಒಬ್ಬ ಪ್ರಯಾಣಿಕ ತೀರಿಕೊಂಡರು. ಅದಾದ ಮೇಲೆಯೇ ಬಾಲ್ಕನಿಗಳಲ್ಲಿ ಸುಲಭವಾಗಿ ಉರಿಯದ ವಸ್ತು ಬಳಸಬೇಕು ಎಂಬ ಅಂತರರಾಷ್ಟ್ರೀಯ ನಿಯಮ ಬಂದದ್ದು.

ಬಾಲ್ಕನಿಯ ಪರವಾಗಿ ಕೆಲವರು ಡೈಮಂಡ್ ಪ್ರಿನ್ಸೆಸ್ ಹಡಗಿನ ಉದಾಹರಣೆ ಕೊಡುತ್ತಾರೆ. 2020ರ ಫೆಬ್ರವರಿಯಲ್ಲಿ ಯೊಕೊಹಾಮದಲ್ಲಿ, ಸುಮಾರು 3,700 ಜನರಿದ್ದ ಆ ಹಡಗನ್ನು ಕೊರೋನಾದಿಂದ ತಡೆಹಿಡಿದಾಗ ಕಿಟಕಿ ಇಲ್ಲದ ರೂಮಿನವರು ಪಟ್ಟ ಪಾಡು ದೊಡ್ಡದು. ಅದು ನಿಜ. ಆದರೆ ಅಂಥ ಅಪರೂಪದ ಕಷ್ಟವನ್ನು ನೆನೆದು ಎರಡು ರಾತ್ರಿಯ ಗೋವಾ ಪ್ರಯಾಣಕ್ಕೆ ಸ್ವೀಟ್ ಬುಕ್ ಮಾಡಬೇಕಾಗಿಲ್ಲ.

ಯಾವ ದಾರಿಗೆ ಯಾವುದು

ಲಕ್ಷದ್ವೀಪ ಸೇರಿರುವ ಪ್ರಯಾಣದಲ್ಲಿ ಬಾಲ್ಕನಿಗಿಂತ ದ್ವೀಪದ ಮೇಲೆ ಕಳೆಯುವ ಹೊತ್ತು ಮುಖ್ಯ. ದೊಡ್ಡ ಹಡಗು ದ್ವೀಪಕ್ಕೆ ತಾಗುವುದಿಲ್ಲ, ದೂರದಲ್ಲಿ ನಿಂತು ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಗಾಳಿ ಜೋರಿದ್ದರೆ ಇಳಿಯುವುದೇ ರದ್ದಾಗಬಹುದು. ಸ್ನಾರ್ಕೆಲಿಂಗಿಗೆ, ಗಾಜಿನ ತಳದ ದೋಣಿಗೆ ದುಡ್ಡು ಎತ್ತಿಡಿ. ಇನ್ನು ಕೊಚ್ಚಿಯಿಂದ ಲಕ್ಷದ್ವೀಪ ಆಡಳಿತದ ಎಂವಿ ಕವರತ್ತಿಯಂಥ ಹಡಗಿನಲ್ಲಿ ಹೋಗುವವರಿಗೆ ಈ ಪ್ರಶ್ನೆಯೇ ಇಲ್ಲ. ಅಲ್ಲಿ ಆಯ್ಕೆ ಇಬ್ಬರ ಕ್ಯಾಬಿನ್, ನಾಲ್ವರ ಕ್ಯಾಬಿನ್, ಬಂಕ್, ಇಷ್ಟೇ. ಹೇಗೇ ಹೋದರೂ ಪರ್ಮಿಟ್ ಬೇಕು.

ಮೆಡಿಟರೇನಿಯನ್ ಕಡೆ ಹೆಚ್ಚುಕಡಿಮೆ ದಿನಕ್ಕೊಂದು ಊರು. ಬೆಳಗ್ಗೆ ಇಳಿದು ಸಂಜೆ ಹತ್ತುವುದು. ಅಲ್ಲಿ ಬಾಲ್ಕನಿ ಖಾಲಿ ಬಿದ್ದಿರುತ್ತದೆ, ಆ ದುಡ್ಡಿನಲ್ಲಿ ರೋಮ್ ನೋಡಿ ಬನ್ನಿ.

ಮಕ್ಕಳು ಅಮೆರಿಕದಲ್ಲಿದ್ದು ಅಪ್ಪ ಅಮ್ಮನನ್ನು ಅಲಾಸ್ಕಾಕ್ಕೆ ಕರೆದೊಯ್ಯುವುದು ನಮ್ಮ ಬದಿಯಡ್ಕ, ಪೆರ್ಲದ ಮನೆಗಳಲ್ಲೂ ಈಗ ಇದೆ. ಸಿಯಾಟಲ್ ಅಥವಾ ವ್ಯಾಂಕೂವರಿನಿಂದ ಏಳು ರಾತ್ರಿ. ಅಲ್ಲಿ ಬಾಲ್ಕನಿ ಬೇಕೇ ಬೇಕು. ಮಂಜಿನ ಬೆಟ್ಟ, ಹಿಮನದಿ, ತಿಮಿಂಗಿಲ ಎಲ್ಲ ಹಗಲಿಡೀ ಹಾದುಹೋಗುತ್ತವೆ. ಬೇಸಿಗೆಯಲ್ಲೂ ಚಳಿ. ಸೆಕೆಯ ಊರಿನಿಂದ ಬಂದ ಹಿರಿಯರು ಮೇಲಿನ ಡೆಕ್‌ನ ಗಾಳಿಯಲ್ಲಿ ಗಂಟೆಗಟ್ಟಲೆ ನಿಲ್ಲಲಾರರು. ಶಾಲು ಹೊದ್ದು ಕೂತು, ಚಳಿಯಾದರೆ ಒಳಗೆ ಹೋಗಿ, ಮತ್ತೆ ಹೊರಗೆ ಬರಬಹುದು. ಎಡ ಬಲ ಎಂದು ಇಲ್ಲಿ ತಲೆ ಕೆಡಿಸಿಕೊಳ್ಳಬೇಡಿ. ಗ್ಲೇಸಿಯರ್ ಬೇಯಲ್ಲಿ ಹಿಮನದಿಯ ಎದುರು ಹಡಗನ್ನೇ ತಿರುಗಿಸಿ ಎರಡೂ ಬದಿಯವರಿಗೆ ತೋರಿಸುತ್ತಾರೆ. ನಾರ್ವೆಯ ಗೈರಾಂಗರ್‌ನಲ್ಲಿ ಸಮುದ್ರವೇ ಕಣಿವೆಯೊಳಗೆ ಚಾಚಿಕೊಂಡಿದೆ, ಎರಡೂ ಕಡೆ ಬೆಟ್ಟ. ಅಲ್ಲಿ ಬೇಸಿಗೆಯ ರಾತ್ರಿ ತುಂಬ ಹೊತ್ತು ಬೆಳಕಿರುತ್ತದೆ, ಆಗಲೂ ಕೂರಬಹುದು, ಮಲಗುವಾಗ ಪರದೆ ಬಿಗಿಯಾಗಿ ಎಳೆದುಕೊಳ್ಳಿ.

ಬುಕ್ ಮಾಡುವಾಗ

ಬಾಲ್ಕನಿ ಎಂದು ಬರೆದದ್ದೆಲ್ಲ ಸಮುದ್ರದ ಕಡೆಗೇ ಇರಬೇಕೆಂದಿಲ್ಲ. ರಾಯಲ್ ಕೆರಿಬಿಯನ್‌ನ ಓಯಸಿಸ್ ಬಗೆಯ ದೊಡ್ಡ ಹಡಗುಗಳಲ್ಲಿ ಕೆಲವು ಬಾಲ್ಕನಿಗಳು ಹಡಗಿನ ಒಳಗಿನ ತೋಟದ ಕಡೆ ತೆರೆಯುತ್ತವೆ. ದರ ಕಡಿಮೆ ಕಂಡರೆ ಕಾರಣ ಕೇಳಿ. ನೋಟಕ್ಕೆ ಅಡ್ಡಿ ಇದೆ ಎಂದು ಸಣ್ಣಕ್ಷರದಲ್ಲಿ ಬರೆದಿದ್ದರೆ ಎದುರಿಗೆ ಲೈಫ್‌ಬೋಟ್ ತೂಗುತ್ತಿರುತ್ತದೆ ಎಂದೇ ತಿಳಿಯಿರಿ. ಗ್ಯಾರಂಟಿ ದರ ಎಂದು ಇನ್ನೊಂದು ಉಂಟು, ಅದರಲ್ಲಿ ದರ್ಜೆ ಮಾತ್ರ ನಿಮ್ಮದು, ರೂಮು ಅವರು ಕೊಟ್ಟದ್ದು. ಒಳ ರೂಮಿಗೆ ಅದು ಒಳ್ಳೆಯ ಉಳಿತಾಯ, ಬಾಲ್ಕನಿಗೆ ಬೇಡ.

ಏಜೆಂಟರ ಹತ್ತಿರ ರೂಮಿನ ನಂಬರ್ ಕೇಳಿ, ಡೆಕ್‌ನ ನಕ್ಷೆ ತೆರೆದು ಮೇಲೆ ಕೆಳಗೆ ಏನಿದೆ ನೋಡಿ. ನೆತ್ತಿಯ ಮೇಲೆ ಈಜುಕೊಳದ ಡೆಕ್ ಇದ್ದರೆ ಬೆಳಗಿನ ಜಾವದಿಂದಲೇ ಕುರ್ಚಿ ಎಳೆಯುವ ಸದ್ದು. ಕೆಳಗೆ ಥಿಯೇಟರ್ ಇದ್ದರೆ ರಾತ್ರಿ ಹಾಡು. ಮೇಲೂ ರೂಮು, ಕೆಳಗೂ ರೂಮು, ಲಿಫ್ಟ್‌ನಿಂದ ನಾಲ್ಕೈದು ಬಾಗಿಲು ಆಚೆ, ಹಡಗಿನ ನಡುಭಾಗ. ಇಂಥ ಒಳ ರೂಮು ಸಿಕ್ಕಿದರೆ ಗದ್ದಲದ ಕೆಳಗಿನ ಬಾಲ್ಕನಿಗಿಂತ ಅದನ್ನೇ ಹಿಡಿಯಿರಿ. ಕೆಲವು ಕಂಪನಿಗಳು ಹೊರಡುವ ಕೆಲವು ವಾರ ಮೊದಲು, ಉಳಿದ ಬಾಲ್ಕನಿಗಳಿಗೆ ಎಷ್ಟು ಹೆಚ್ಚು ಕೊಡುತ್ತೀರಿ ಎಂದು ಕೇಳಿ ಮೇಲ್ ಕಳಿಸುತ್ತವೆ. ಮೇಲೆ ಹೇಳಿದ ಗಂಟೆಯ ಲೆಕ್ಕ ಆಗ ಮತ್ತೊಮ್ಮೆ ಹಾಕಿ, ಸರಿ ಅನಿಸಿದ ಮೊತ್ತವನ್ನಷ್ಟೇ ಬರೆಯಿರಿ. ಆ ದರ ಹೆಚ್ಚಾಗಿ ತಲೆಗೆ ಇಷ್ಟು ಎಂದು ಇರುತ್ತದೆ, ರೂಮಿಗೆ ಎಂದುಕೊಂಡು ಒಪ್ಪಿಬಿಡಬೇಡಿ.